ಗುರುವಾರದ ಮನೆ

ದೊಡ್ಡಬೀರಪ್ಪನನ್ನು ಜೈಲಿನಿಂದ ಬಿಡುತ್ತಾರಂತೆ ಎಂಬ ಸುದ್ದಿ ಹುಣಸೆಕುಂಟೆಗೆ ಬಂದದ್ದು ನಲವತ್ತನಾಲ್ಕನೆಯ ಇಸವಿಯ ಸಂಕ್ರಾಂತಿಯ ಮಾರನೆಯ ದಿನ. ಸಪ್ಪಲಮ್ಮ ಕಣದಲ್ಲಿ ರಾಗಿ ತೂರುತ್ತಿದ್ದಳು. ಸುದ್ದಿ ಹೇಳಿದ ಹೆಂಗಸು ಮುಂದಿನ ಕಣಕ್ಕೆ ಹೋದ ಮೇಲೂ ಅವಳು ಮೊರವನ್ನು ತಲೆಯ ಮೇಲೆ ಎತ್ತಿ ಹಿಡಿದುಕೊಂಡೇ ನಿಂತಿದ್ದಳು. ಗಾಳಿ ಬಂತು, ಹೋಯಿತು. ಮೊರದಿಂದ ಒಂದು ಕಾಳೂ ಕೆಳಗೆ ಬೀಳಲಿಲ್ಲ.

ಹುಣಸೆಕುಂಟೆ ನಂದಗುಡಿಗೆ ಎರಡು ಮೈಲಿ ದೂರದ ಐವತ್ತು ಮನೆಗಳ ಹಳ್ಳಿ. ಆರು ವರ್ಷದ ಹಿಂದೆ ಅಲ್ಲಿನ ಪಟೇಲ ಅಪ್ಪಯ್ಯಣ್ಣನ ಹೊಲಕ್ಕೆ ದೊಡ್ಡಬೀರಪ್ಪನ ಕುರಿಗಳು ನುಗ್ಗಿದ್ದವು. ಪಟೇಲ ಕುರಿಗಳನ್ನು ದೊಡ್ಡಿಯಲ್ಲಿ ಕೂಡಿಹಾಕಿದ. ಬಿರುಬೇಸಿಗೆಯಲ್ಲಿ ಎರಡು ದಿನ ಯಾರೂ ನೀರು ಕೊಡಲಿಲ್ಲ. ಒಂಬತ್ತು ಕುರಿ ಸತ್ತವು. ಆ ಸಂಜೆಯೇ ದೊಡ್ಡಬೀರಪ್ಪ ಪಟೇಲನ ಹುಲ್ಲಿನ ಬಣವೆಗೆ ಬೆಂಕಿ ಇಟ್ಟ. ಬೆಂಕಿ ಪಕ್ಕದ ಕೊಟ್ಟಿಗೆಗೆ ಹಾರಿತು. ಒಳಗೆ ಜ್ವರವೆಂದು ಕಂಬಳಿ ಹೊದ್ದು ಮಲಗಿದ್ದವನು ಸಪ್ಪಲಮ್ಮನ ಮಾವ, ಪಟೇಲನ ದನ ನೋಡಿಕೊಳ್ಳುತ್ತಿದ್ದ ಮುನಿವೆಂಕಟಪ್ಪ. ಹೆಣವನ್ನು ಹೊರಗೆ ತಂದಾಗ ಕಂಬಳಿ ಮೈಗೆ ಅಂಟಿಕೊಂಡಿತ್ತು. ಅದನ್ನು ಬಿಡಿಸಿದವಳು ಸಪ್ಪಲಮ್ಮ.

ಒಳಗೆ ಮನುಷ್ಯನಿದ್ದದ್ದು ಗೊತ್ತಿರಲಿಲ್ಲವೆಂದು ದೊಡ್ಡಬೀರಪ್ಪ ಕೋರ್ಟಿನಲ್ಲಿ ಹೇಳಿದನಂತೆ. ಹತ್ತು ವರ್ಷದ ಸಜೆಯಾಯಿತು. ಇನ್ನೂ ನಾಲ್ಕು ವರ್ಷವಿದೆ ಎಂದು ಸಪ್ಪಲಮ್ಮ ಮನಸ್ಸಿನಲ್ಲೇ ಎಣಿಸಿಕೊಂಡಿದ್ದಳು.

ಆ ರಾತ್ರಿ ಸೊಸೆ ಮುನಿಲಕ್ಷ್ಮಿ ಕೇಳಿದಳು, "ಅತ್ತೆ, ಅವ್ನು ಇಲ್ಲಿಗೇ ಬರ್ತಾನಾ?" ಆರು ತಿಂಗಳ ಬಸುರಿ. ಅವಳ ಗಂಡ, ಸಪ್ಪಲಮ್ಮನ ಮಗ, ಮಿಲಿಟರಿ ಲಾರಿ ಓಡಿಸಲು ಸೇರಿ ಅಸ್ಸಾಮಿನ ಕಡೆ ಎಲ್ಲೋ ಇದ್ದ. ಸಪ್ಪಲಮ್ಮನ ಗಂಡ ಮೊದಲೇ ತೀರಿಕೊಂಡಿದ್ದ. ಮನೆಯಲ್ಲಿದ್ದವರು ಈ ಇಬ್ಬರು ಹೆಂಗಸರು ಮಾತ್ರ.

"ಬರಲ್ಲ ಕಣೇ. ಯಾವ ಮುಖ ಇಟ್ಕೊಂಡು ಬಂದಾನು?" ಎಂದಳು ಸಪ್ಪಲಮ್ಮ. ಆಮೇಲೆ ಎದ್ದು, ಹಾಕಿದ್ದ ಚಿಲಕವನ್ನು ಇನ್ನೊಮ್ಮೆ ಎಳೆದು ನೋಡಿದಳು.

ವಾರದೊಳಗೆ ಹೊಸಕೋಟೆಯಿಂದ ಸೈಕಲ್ ತುಳಿದುಕೊಂಡು ಒಬ್ಬ ಬಂದ. ಹೆಸರು ಆದಿನಾರಾಯಣಪ್ಪ. ಮೂವತ್ತರ ಆಸುಪಾಸಿನ ತೆಳ್ಳನೆಯ ಮನುಷ್ಯ. ಜೈಲಿನಿಂದ ಹೊರಬಂದವರಿಗೆ ನೆಲೆ ಹುಡುಕಿಕೊಡುವ ಒಂದು ಸಂಘದ ಕೆಲಸದವನು. ಅವಧಿಗೆ ಮುಂಚೆ ಬಿಡುವ ಕೈದಿ ಉಳಿದ ವರ್ಷಗಳನ್ನು ಊರಿನವರ ಕಣ್ಣೆದುರು ಕಳೆಯಬೇಕು, ತಪ್ಪಿದರೆ ಮತ್ತೆ ಜೈಲು; ಅದಕ್ಕೆ ಊರಿನವರೇ ಕೈಜೋಡಿಸಬೇಕು ಎಂದು ಅವನು ಶಾಲೆಯ ಜಗಲಿಯಲ್ಲಿ ನಿಂತು ಹೇಳಿದ.

"ನಾನು ಬೆಂಗಳೂರಲ್ಲಿ ಓದೋವಾಗ ಏಳು ಮನೇಲಿ ವಾರ ಹಚ್ಕೊಂಡು ಊಟ ಮಾಡಿದೋನು. ಒಂದೊಂದು ದಿನ ಒಂದೊಂದು ಮನೆ. ಇವನಿಗೂ ಹಂಗೇ ಏಳು ಮನೆ ಆಗ್ಲಿ. ಬೆಳಿಗ್ಗೆಯಿಂದ ಸಂಜೆವರೆಗೆ ಆ ಮನೇಲಿ ಕೆಲಸ ಮಾಡ್ತಾನೆ, ಮಧ್ಯಾಹ್ನ ಊಟ ಹಾಕಿ. ಸಂಜೆ ಆ ಮನೆಯೋರು ಪಟೇಲರ ಹತ್ರ ಹೋಗಿ, ಇದ್ದ ಅಂತಲೋ ಇರಲಿಲ್ಲ ಅಂತಲೋ ಒಂದು ಮಾತು ಹೇಳಿದ್ರೆ ಆಯ್ತು."

"ಬೆಂಕಿ ಇಟ್ಟೋನಿಗೆ ಮುದ್ದೆ ಬೇಯ್ಸಿ ಹಾಕ್ಬೇಕಾ?" ಎಂದು ಎದ್ದು ನಿಂತವನು ಪಟೇಲನ ತಮ್ಮನ ಮಗ ರಾಮಾಂಜಿನಪ್ಪ. "ಊರ ತುಂಬ ಬಣವೆ ಇಟ್ಕೊಂಡಿದೀವಿ. ಮನುಷ್ಯರು ಮಾಡೋ ಕೆಲ್ಸಾನಾ ಇದು?"

ಎಷ್ಟೋ ಜನ ಅವನ ಕಡೆಗೇ ಇದ್ದರು. ಆದರೆ ಮೂಲೆಯಲ್ಲಿ ಕೂತಿದ್ದ ಪಟೇಲ ಅಪ್ಪಯ್ಯಣ್ಣ ತಲೆ ಎತ್ತದೆ, "ಭಾನುವಾರ ನನ್ ಮನೆಗೆ ಹಾಕ್ಕೊಳಿ" ಎಂದುಬಿಟ್ಟ. ಅವನು ಯಾಕೆ ಹಾಗೆಂದನೆಂದು ಯಾರಿಗೂ ತಿಳಿಯಲಿಲ್ಲ, ಕೇಳುವ ಧೈರ್ಯವೂ ಯಾರಿಗೂ ಇರಲಿಲ್ಲ. ನಂದಗುಡಿಯಲ್ಲಿ ಮೇಕೆ ವ್ಯಾಪಾರ ಮಾಡುತ್ತಿದ್ದ ಅಬ್ದುಲ್ ರಜಾಕ್ ಸೋಮವಾರ ಒಪ್ಪಿಕೊಂಡ. ರಾತ್ರಿ ಮಲಗಲು ತನ್ನ ಮೇಕೆಗಳ ಚಪ್ಪರದಲ್ಲಿ ಜಾಗ ಕೊಡುತ್ತೇನೆಂದೂ ಹೇಳಿದ. ಹೀಗೆ ಆ ಮನೆ ಈ ಮನೆ ಸೇರಿ ಆರು ದಿನಗಳಾದವು.

ಸಂಜೆ ಆದಿನಾರಾಯಣಪ್ಪ ಸಪ್ಪಲಮ್ಮನ ಮನೆಯ ಮುಂದೆ ಸೈಕಲ್ ನಿಲ್ಲಿಸಿದ. ಜಗಲಿ ಹತ್ತದೆ ಕೆಳಗೇ ನಿಂತ.

"ತಾಯಿ, ನಿಮ್ಮನ್ನೇನೂ ಕೇಳೋಕೆ ಬಂದಿಲ್ಲ. ನಿಮಗೆ ತಿಳಿಸದೆ ಮಾಡಿದ್ರೆ ತಪ್ಪಾಗುತ್ತೆ ಅಂತ ಬಂದೆ."

ಅವಳು ಬಾಗಿಲಿನ ಚೌಕಟ್ಟು ಹಿಡಿದುಕೊಂಡಿದ್ದಳು. "ಯಾವ ದಿನ ಎಲ್ಲಿರ್ತಾನೆ ಸ್ವಾಮಿ?"

ಅವನು ಒಂದೊಂದಾಗಿ ಹೇಳಿದ. ಬುಧವಾರವಾದ ಮೇಲೆ ಶುಕ್ರವಾರ ಅಂದ.

"ಗುರುವಾರ?"

"ಗುರುವಾರಕ್ಕೆ ಇನ್ನೂ ಯಾರೂ ಸಿಕ್ಕಿಲ್ಲ."

"ಅಂದ್ರೆ ಗುರುವಾರ ಅವ್ನು ಎಲ್ಲಿರ್ತಾನೆ?"

ಆದಿನಾರಾಯಣಪ್ಪ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡ. ಸಪ್ಪಲಮ್ಮ ಹಿತ್ತಿಲ ಕಡೆ ತಿರುಗಿ ನೋಡಿದಳು. ಹಿತ್ತಿಲಲ್ಲಿರಬಹುದು, ಹುಣಸೆ ತೋಪಿನಲ್ಲಿರಬಹುದು, ಸೊಸೆ ನೀರಿಗೆ ಹೋಗುವ ದಾರಿಯಲ್ಲಿರಬಹುದು. ಆರು ದಿನ ಅವನೆಲ್ಲಿದ್ದಾನೆಂದು ಗೊತ್ತು. ಆ ಒಂದು ದಿನ ಮಾತ್ರ ಎಲ್ಲಿ ಬೇಕಾದರೂ ಇರಬಹುದು.

"ಗುರುವಾರ ನಮ್ಮನೆಗೇ ಬರ್ಲಿ," ಎಂದಳು. ಒಳಗಿನಿಂದ ಸೊಸೆ "ಅಯ್ಯೋ ಅತ್ತೆ!" ಅಂದದ್ದು ಕೇಳಿಸಿತು. "ಎಲ್ಲವ್ನೋ ಏನೋ ಅಂತ ದಿನಾ ಸಾಯೋದಕ್ಕಿಂತ, ಕಣ್ಮುಂದೆ ಇರ್ಲಿ ಸ್ವಾಮಿ. ಹೆದರ್ಕೋಬೇಕು ಅಂದ್ರೆ ನೋಡ್ಕೊಂಡೇ ಹೆದರ್ಕೋತೀನಿ."

ಆದಿನಾರಾಯಣಪ್ಪ ಸೈಕಲ್ಲನ್ನು ರಸ್ತೆಯ ಕಡೆ ತಿರುಗಿಸಿದ. "ನಿಜ ಹೇಳ್ತೀನಿ ತಾಯಿ, ನನಗೂ ಭಯಾನೇ," ಎಂದು ಸೈಕಲ್ ಹತ್ತಿದ.

ಮೊದಲನೆಯ ಗುರುವಾರ ಹೊತ್ತು ಹುಟ್ಟುವ ಮೊದಲೇ ಸಪ್ಪಲಮ್ಮ ಬೆಂಕಿಪೊಟ್ಟಣವನ್ನು ಸೆರಗಿಗೆ ಗಂಟು ಹಾಕಿಕೊಂಡಳು. ಮಚ್ಚನ್ನು ರಾಗಿ ತುಂಬಿದ ಮಣ್ಣಿನ ವಾಡೆಯ ಹಿಂದೆ ಇಟ್ಟಳು. ಸೊಸೆಗೆ ಅಡುಗೆ ಮನೆಯಿಂದ ಹೊರಗೆ ಕಾಲಿಡಬೇಡವೆಂದಳು.

ದೊಡ್ಡಬೀರಪ್ಪ ಬಂದು ಗೋಡೆಯ ಪಕ್ಕ ನಿಂತ. ಅವಳಿಗೆ ನೆನಪಿದ್ದದ್ದು ಎತ್ತರದ ಆಳು, ದಪ್ಪ ಮೀಸೆ, ಹೆಗಲ ಮೇಲೆ ಕಂಬಳಿ. ಈಗ ಬಂದವನ ತಲೆ ಬೋಳಾಗಿತ್ತು, ಕೆನ್ನೆಗಳು ಒಳಕ್ಕೆ ಹೋಗಿದ್ದವು.

"ಅಕ್ಕ, ಏನ್ ಕೆಲ್ಸ ಮಾಡ್ಲಿ?"

ಅವಳು ಹಿತ್ತಿಲ ಕಡೆ ಕೈ ತೋರಿಸಿದಳು. ಅಲ್ಲಿ ಹೊಂಗೆಯ ಕೊರಡುಗಳೂ ಕೊಡಲಿಯೂ ಬಿದ್ದಿದ್ದವು. ಕೊಡಲಿ ಅವನ ಕೈಗೆ ಹೋದ ಮೇಲೆ ಅಯ್ಯೋ ಎಂಥ ಕೆಲಸ ಹೇಳಿದೆ ಅನ್ನಿಸಿತು. ಇಡೀ ಬೆಳಿಗ್ಗೆ ಕಿಟಕಿಯ ಸರಳುಗಳ ನಡುವೆ ಮುಖವಿಟ್ಟು ನೋಡುತ್ತಿದ್ದಳು. ಒಂದೊಂದು ಏಟಿಗೂ ಅವಳ ಭುಜ ಮೇಲೇಳುತ್ತಿತ್ತು. ಮಧ್ಯಾಹ್ನ ಎಲೆಯಲ್ಲಿ ಮುದ್ದೆಯನ್ನೂ ಹುರುಳಿಕಾಳಿನ ಸಾರನ್ನೂ ಜಗಲಿಯ ತುದಿಗೆ ಇಟ್ಟು ಒಳಗೆ ಓಡಿ ಬಂದಳು. ಅವನು ಗೋಡೆಗೆ ಮುಖ ಮಾಡಿ ಕೂತು ಉಂಡ, ಎಲೆ ಎಸೆದ, ಕೂತ ಜಾಗಕ್ಕೆ ನೀರು ಚಿಮುಕಿಸಿ ಒರೆಸಿದ. ಸಂಜೆ ಅವನು ಹೋದ ಮೇಲೆ ಅವಳು ಹಿತ್ತಿಲಿಗೆ ಹೋಗಿ ಕೊಡಲಿಯನ್ನು ತಂದು ಒಳಗಿಟ್ಟಳು.

ಹೀಗೆ ಐದು ಗುರುವಾರ ಕಳೆದವು. ಅವನು ಹಿತ್ತಿಲ ಬೇಲಿ ಕಟ್ಟಿದ, ಬದನೆ ಪಾತಿಗೆ ನೀರು ಹಾಕಿದ, ಕೊಟ್ಟಿಗೆಯ ನೆಲ ಬಡಿದ. ಒಲೆಯ ಕಡೆ ಒಮ್ಮೆಯೂ ತಿರುಗಿ ನೋಡಲಿಲ್ಲ. ಆದರೂ ಬುಧವಾರ ರಾತ್ರಿ ಸಪ್ಪಲಮ್ಮನಿಗೆ ನಿದ್ದೆಯಿಲ್ಲ. ಕಣ್ಣು ಮುಚ್ಚಿದರೆ ಸುಟ್ಟ ಕಂಬಳಿಯ ವಾಸನೆ. ಸಂಜೆ ಪಟೇಲನ ಮನೆಗೆ ಹೋಗಿ "ಇದ್ದ" ಎಂಬ ಒಂದು ಮಾತು ಹೇಳಿ ಬರುವುದು ಮಾತ್ರ ತಪ್ಪಿಸಲಿಲ್ಲ.

ಆರನೆಯ ಬುಧವಾರ ರಾಮಾಂಜಿನಪ್ಪ ಬಂದ.

"ಚಿಕ್ಕಮ್ಮ, ನಿನ್ ಒಳ್ಳೇದಕ್ಕೆ ಹೇಳ್ತೀನಿ. ಜೈಲಾಗೆ ಅವ್ನು ನಿದ್ದೇಲಿ ನಿಮ್ ಮಾವನ ಹೆಸರು ಹಿಡ್ಕೊಂಡು ಕೂಗ್ತಿದ್ನಂತೆ. ತಲೆ ನೆಟ್ಟಗಿಲ್ಲ ಅಂತಾರೆ. ನಿಂಗೇನು ಗಂಡು ದಿಕ್ಕೈತಾ ಮನೇಲಿ? ಎರಡು ಸಲ ಇರ್ಲಿಲ್ಲ ಅಂದ್ಬಿಡು. ಆಮೇಲೆ ಪೋಲೀಸ್ನೋರು ನೋಡ್ಕೋತಾರೆ."

ಅವನು ಹೋದ ಮೇಲೆ ಅತ್ತೆ ಸೊಸೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಬೆಳಗಿನ ಜಾವ ಮುನಿಲಕ್ಷ್ಮಿ ಹೊಟ್ಟೆ ಹಿಡಿದುಕೊಂಡು ಅಳತೊಡಗಿದಳು. "ಇವತ್ತೊಂದು ದಿನ ಬೇಡ ಅತ್ತೆ. ನಂಗೆ ಆಗಲ್ಲ."

ಸಪ್ಪಲಮ್ಮ ಬಾಗಿಲ ಚಿಲಕ ಹಾಕಿ, ಅದಕ್ಕೆ ಅಡ್ಡವಾಗಿ ಒನಕೆಯನ್ನೂ ಕೊಟ್ಟಳು.

"ಅಕ್ಕ," ಎಂದ ದೊಡ್ಡಬೀರಪ್ಪ ಹೊರಗಿನಿಂದ. ಸ್ವಲ್ಪ ಬಿಟ್ಟು ಮತ್ತೆ, "ಅಕ್ಕ." ಮೂರನೆಯ ಸಲ ಕೂಗಿದಾಗ ದನಿ ಸಣ್ಣದಾಗಿತ್ತು.

ಅವಳು ಬಾಗಿಲ ಸಂದಿಗೆ ಕಣ್ಣು ಹಚ್ಚಿದಳು. ಎರಡು ಹಲಗೆಗಳ ನಡುವೆ ಒಂದು ಬೆರಳು ಹೋಗುವಷ್ಟು ಜಾಗವಿತ್ತು. ಅವನು ಹೋಗಿಬಿಡುತ್ತಾನೆ ಅಂದುಕೊಂಡಳು. ಹೋಗಲಿಲ್ಲ. ಜಗಲಿಯ ಮೇಲೆ, ಬಾಗಿಲಿಗೆ ಮೂರು ಮಾರು ದೂರದಲ್ಲಿ ಕೂತುಬಿಟ್ಟ. ಅಲ್ಲಿಂದ ಎದ್ದು ಎಲ್ಲಿಗೆ ಹೋದರೂ ಅವನು ಇರಬೇಕಾದ ಜಾಗದಲ್ಲಿ ಇಲ್ಲದವನಾಗುತ್ತಾನೆ ಎಂಬುದು ಅವಳಿಗೆ ತಡವಾಗಿ ಹೊಳೆಯಿತು.

ಬಿಸಿಲು ಏರಿತು. ಅವಳು ಕಣ್ಣು ತೆಗೆಯಲಿಲ್ಲ. ತೆಗೆದರೆ ಆ ಕ್ಷಣದಲ್ಲೇ ಅವನು ಹಿತ್ತಿಲ ಕಡೆಯಿಂದ ನುಗ್ಗಿಬಿಡುತ್ತಾನೆ ಎಂದು ಭಯ. ಮೊಣಕಾಲು ಮರಗಟ್ಟಿತು. ಅವನು ಹುರಿ ಬಿಚ್ಚಿಹೋಗಿದ್ದ ಹಗ್ಗವೊಂದನ್ನು ಎತ್ತಿಕೊಂಡು ಮತ್ತೆ ಹೊಸೆಯತೊಡಗಿದ. ಬೀದಿಯಲ್ಲಿ ಯಾರಾದರೂ ಹೋದರೆ ಅವನ ಕೈ ನಿಲ್ಲುತ್ತಿತ್ತು, ಬಾಗಿಲ ಕಡೆ ನೋಡುತ್ತಿದ್ದ, ಮತ್ತೆ ಬೀದಿಯ ಕಡೆ. ಮುಚ್ಚಿದ ಬಾಗಿಲ ಮುಂದೆ ತಾನು ಒಂಟಿಯಾಗಿ ಕೂತಿರುವುದನ್ನು ಯಾರಾದರೂ ಕಂಡುಬಿಟ್ಟಾರೆಂದು ಅವನೂ ಹೆದರುತ್ತಿದ್ದ. ಅದನ್ನು ನೋಡಿ ಅವಳ ಹೆದರಿಕೆ ಕಡಿಮೆಯಾಗಲಿಲ್ಲ. ಇಬ್ಬರ ಹೆದರಿಕೆಯೂ ಸೇರಿ ಎರಡರಷ್ಟಾಯಿತು.

ನೆತ್ತಿಯ ಮೇಲೆ ಬಿಸಿಲು ಬಂದಾಗ ಅವನು ತಟ್ಟನೆ ಎದ್ದು ನಿಂತ. ಮುಖ ಬಿಳುಚಿಕೊಂಡಿತು. ರಸ್ತೆಯ ದಿಕ್ಕಿನಲ್ಲಿ ಮರಗಳ ಮೇಲೆ ದಟ್ಟ ಹೊಗೆ ಏಳುತ್ತಿತ್ತು. ಮರುಕ್ಷಣ ಬಾಗಿಲ ಮೇಲೆ ಎರಡೂ ಕೈಗಳ ಏಟು ಬಿತ್ತು.

"ಅಕ್ಕ! ಬೆಂಕಿ! ಹೊರಗ್ ಬಾ ಅಕ್ಕ, ಗಾಳಿ ಈ ಕಡೀಗೇ ಐತೆ!"

ಒಳಗೆ ಹೆಂಗಸರಿಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಂಡರು. ಸಪ್ಪಲಮ್ಮನ ಕೈ ಒನಕೆಯ ಮೇಲಿತ್ತು, ಅದನ್ನು ಸರಿಸಲೂ ಆಗಲಿಲ್ಲ, ಬಿಡಲೂ ಆಗಲಿಲ್ಲ. ಅಷ್ಟರಲ್ಲಿ ಬೀದಿಯ ತುದಿಯಲ್ಲಿ ಕೂಗು ಎದ್ದಿತು.

"ಅಲ್ಲವ್ನೆ ನೋಡ್ರೋ! ಹಿಡ್ಕೊಳ್ರೋ!"

ಉರಿಯುತ್ತಿದ್ದದ್ದು ರಸ್ತೆ ಬದಿಯಲ್ಲಿದ್ದ ರಾಮಾಂಜಿನಪ್ಪನ ಬಣವೆ. ನೀರು ಹಾಕುವವರು ಕೆಲವರು, ದೊಡ್ಡಬೀರಪ್ಪನನ್ನು ಹುಡುಕಿಕೊಂಡು ಬಂದವರು ಇಪ್ಪತ್ತು ಜನ. ಸಂದಿಯಲ್ಲಿ ಸಪ್ಪಲಮ್ಮನಿಗೆ ಕಾಲುಗಳಷ್ಟೇ ಕಂಡವು. ಯಾರೋ ಅವನನ್ನು ಜಗಲಿಯಿಂದ ಕೆಳಗೆಳೆದರು. ಒದ್ದ ಸದ್ದು. "ನಾನಲ್ಲ ಅಣ್ಣ, ಬೆಳಿಗ್ಗೆಯಿಂದ ಇಲ್ಲೇ ಇವ್ನಿ" ಎಂಬ ಅವನ ದನಿ, ಮತ್ತೆ ಒದ್ದ ಸದ್ದು.

"ಇಲ್ಲೇ ಇದ್ನಂತೆ! ಬಾಗ್ಲು ಒಳಗಿಂದ ಹಾಕೈತೆ. ಯಾರೋ ನೋಡಿದೋರು ನಿನ್ನ?" ಇದು ರಾಮಾಂಜಿನಪ್ಪ.

ಆಗ ಪಟೇಲನ ದನಿ ಕೇಳಿಸಿತು. "ಬಿಡ್ರೋ ಒಂದು ಗಳಿಗೆ. ಸಪ್ಪಲಮ್ಮ, ಬಾಗ್ಲು ತೆಗಿಯಮ್ಮ."

ಮುನಿಲಕ್ಷ್ಮಿ ಅತ್ತೆಯ ಸೆರಗು ಹಿಡಿದುಕೊಂಡಳು. "ಬೇಡ ಅತ್ತೆ. ನೋಡ್ಲಿಲ್ಲ ಅಂದ್ಬಿಡು. ಇವತ್ತಿಗೆ ಮುಗ್ದೋಗ್ಲಿ."

ಮುಗಿದುಹೋಗುತ್ತಿತ್ತು. ಸಪ್ಪಲಮ್ಮನಿಗೆ ಅದು ಸ್ಪಷ್ಟವಾಗಿ ಗೊತ್ತಿತ್ತು. ಬಾಗಿಲು ಹಾಕಿಕೊಂಡಿದ್ದೆ, ನನಗೇನೂ ಗೊತ್ತಿಲ್ಲ ಅಂದರೆ ಸಾಕು. ಅದರಲ್ಲಿ ಅರ್ಧ ನಿಜವೇ. ಇನ್ನು ಬುಧವಾರದ ರಾತ್ರಿಗಳಿಲ್ಲ, ಸಂದಿಯಲ್ಲಿ ಕಣ್ಣಿಟ್ಟು ಕೂರಬೇಕಿಲ್ಲ. ಊರಿನಲ್ಲಿ ಯಾರೂ ಅವಳನ್ನು ಬೈಯುವುದಿಲ್ಲ.

ಒನಕೆ ಸರಿಸಿ ಬಾಗಿಲು ತೆಗೆದಳು. ಬೆಳಕಿಗೆ ಕಣ್ಣು ಕೋರೈಸಿತು. ದೊಡ್ಡಬೀರಪ್ಪ ಮಣ್ಣಿನಲ್ಲಿ ಬಿದ್ದಿದ್ದ. ಬಾಯಿಂದ ರಕ್ತ ಸುರಿಯುತ್ತಿತ್ತು. ಅವನು ಅವಳನ್ನು ನೋಡಲಿಲ್ಲ. ಕೈದಿಯಾದವನಿಗೆ ತೀರ್ಪು ಹೇಳುವವರ ಮುಖ ನೋಡುವುದು ಸಾಕಾಗಿಹೋಗಿತ್ತೋ ಏನೋ.

"ಇವ್ನು ಇಲ್ಲಿದ್ನಾ ಸಪ್ಪಲಮ್ಮ?" ಪಟೇಲ ಕೇಳಿದ.

ಎದುರಿಗೆ ದೊಣ್ಣೆಗಳು, ಊರಿನ ಗಂಡಸರು, ಅವರಲ್ಲಿ ಅರ್ಧ ಜನ ನೆಂಟರು.

"ಇದ್ದ."

"ಸುಳ್ಳು!" ರಾಮಾಂಜಿನಪ್ಪ ಮುಂದೆ ಬಂದ. "ಚಿಲಕ ಹಾಕ್ಕೊಂಡು ಒಳಗಿದ್ದೋಳಿಗೆ ಹೆಂಗ್ ಗೊತ್ತಾಯ್ತು?"

"ಸಂದೀಲಿ ನೋಡ್ತಿದ್ದೆ ಕಣಪ್ಪ. ನೀನು ನಿನ್ನೆ ಬಂದು ಹೇಳಿದ್ದಕ್ಕೆ ಹೆದರ್ಕೊಂಡು ಬಾಗ್ಲು ಹಾಕ್ದೆ. ಹೆದರ್ಕೊಂಡೇ ನೋಡ್ತಿದ್ದೆ. ಬೆಳಿಗ್ಗೆಯಿಂದ ಕಣ್ಣು ಕಿತ್ತಿಲ್ಲ. ಒಂದಕ್ಕೂ ಎದ್ದು ಹೋಗಿಲ್ಲ ನಾನು." ಅವಳು ಜಗಲಿಯ ಕಡೆ ಕೈ ತೋರಿಸಿದಳು. "ಅಲ್ಲಿ ಕೂತಿದ್ದ. ಆ ಹಗ್ಗ ಹೊಸೀತಿದ್ದ, ನೋಡ್ರಿ, ಬೇಕಾದ್ರೆ. ಜಗಲಿ ಪಕ್ಕದ ತೊಟ್ಟೀಲಿ ಎರಡು ಸಲ ನೀರು ಕುಡ್ದ. ಹೊಗೆ ಎದ್ದಾಗ ಬಾಗ್ಲು ಬಡ್ದು ಕೂಗ್ದ, ನಾನು ತೆಗೀಲಿಲ್ಲ."

"ನಿಮ್ಮಾವನ್ನ ಸುಟ್ಟೋನು ಚಿಕ್ಕಮ್ಮ ಅವ್ನು!"

"ನಂಗೆ ಹೇಳ್ತೀಯಾ? ನಾನೇ ಬಿಡಿಸ್ದೋಳು ಆ ಕಂಬಳೀನ. ಆ ಬೆಂಕಿ ಇವ್ನೇ ಇಟ್ಟಿದ್ದು. ಇದು ಇವ್ನಲ್ಲ."

ಪಟೇಲ ಬಾಗಿ ಜಗಲಿಯ ಮೇಲಿನ ಹಗ್ಗ ಎತ್ತಿ ನೋಡಿದ. ಎರಡು ಆಳುದ್ದಕ್ಕೆ ಹೊಸದಾಗಿ ಹೊಸೆದಿತ್ತು. "ಹೋಗ್ರೋ, ಮೊದ್ಲು ನೀರು ಹಾಕ್ರಿ. ಇನ್ನೆರಡು ಬಣವೆ ಐತೆ ಪಕ್ಕದಾಗೆ," ಎಂದು ಗದರಿದ.

ಹೊತ್ತು ಇಳಿಯುವ ಮುನ್ನ ಸುದ್ದಿ ಕೇಳಿ ಅಬ್ದುಲ್ ರಜಾಕ್ ಗಾಡಿ ಹೊಡೆದುಕೊಂಡು ಬಂದ. ಪೆಟ್ರೋಲು ಸಿಗದ ಆ ಯುದ್ಧದ ದಿನಗಳಲ್ಲಿ ಬಸ್ಸುಗಳು ಇದ್ದಿಲಿನ ಗ್ಯಾಸಿನಿಂದ ಓಡುತ್ತಿದ್ದವು. ಹಿಂಬದಿಯ ಒಲೆಗೆ ಆಗಾಗ ಇದ್ದಿಲು ತುಂಬಬೇಕಿತ್ತು. ಹುಣಸೆಕುಂಟೆಯ ಏರಿನಲ್ಲಿ ಮಧ್ಯಾಹ್ನದ ಬಸ್ಸು ನಿಂತುಹೋದಾಗ ಕ್ಲೀನರು ಕೆಂಡ ಬೂದಿಯನ್ನು ರಸ್ತೆ ಬದಿಗೆ ಕೆದಕಿ ಹಾಕಿದ್ದನ್ನು ರಜಾಕ್ ಎದುರು ದಿಕ್ಕಿನಿಂದ ಮನೆಗೆ ಮರಳುವಾಗ ಕಂಡಿದ್ದ. "ಅರೆ, ಗೌಡ್ರೆ, ನೀವೇ ಬಂದು ನೋಡಿ. ಇನ್ನೂ ಬಿಸಿ ಐತೆ," ಎಂದು ಪಟೇಲನನ್ನು ಕರೆದುಕೊಂಡು ಹೋಗಿ ತೋರಿಸಿದ. ಬೂದಿ ಗುಡ್ಡೆಯಿಂದ ಬಣವೆಯವರೆಗೆ ಒಣಹುಲ್ಲು ಕರಿ ಗೆರೆಯಾಗಿ ಸುಟ್ಟಿತ್ತು.

ದೊಡ್ಡಬೀರಪ್ಪನೂ ಒಂದು ಕೊಡ ಹಿಡಿದುಕೊಂಡು ಬೆಂಕಿಯ ಕಡೆ ಹೋಗಿದ್ದ. ಉರಿ ಕಾಣುವಷ್ಟು ಹತ್ತಿರ ಹೋದವನು ಮುಂದೆ ಹೆಜ್ಜೆ ಇಡಲಾರದೆ, ಕೊಡ ಕೆಳಗಿಟ್ಟು, ರಸ್ತೆಯ ಮೇಲೆ ಕೂತು ವಾಂತಿ ಮಾಡಿಕೊಂಡನೆಂದು ನೋಡಿದವರು ಹೇಳಿದರು.

ಮಾರನೆಯ ದಿನ ಆದಿನಾರಾಯಣಪ್ಪ ಬಂದ. ಆಗಲೇ ಎರಡು ಮನೆಯವರು ತಮಗೆ ಈ ಸಹವಾಸ ಬೇಡವೆಂದು ಹಿಂದೆ ಸರಿದಿದ್ದರು. ಅವನು ಈ ಸಲ ಸಪ್ಪಲಮ್ಮನ ಜಗಲಿ ಹತ್ತಿ ಕೂತ.

"ನೀವೂ ಬೇಡ ಅಂದ್ರೆ ನಾನು ಬಲವಂತ ಮಾಡಲ್ಲ ತಾಯಿ. ನಿಮ್ಮಂಥೋರ ಮೇಲೆ ಇಷ್ಟು ಭಾರ ಹೊರಿಸಬಾರದಿತ್ತು ನಾನು. ಭಯ ಹೋಯ್ತಾ ಸ್ವಲ್ಪನಾದ್ರೂ?"

"ಇಲ್ಲ ಸ್ವಾಮಿ. ಎಲ್ಲಿ ಹೋಗುತ್ತೆ?" ಅವಳು ಒಳಗಿದ್ದ ಸೊಸೆಯ ಕಡೆ ನೋಡಿದಳು. "ಗುರುವಾರ ನಂದೇ ಇರ್ಲಿ. ಆದ್ರೆ ಒಬ್ಳೇ ಆಗಲ್ಲ. ನನ್ ಜೊತೆ ಕೂರೋಕೆ ಇನ್ನೊಂದು ಹೆಂಗಸು ಬೇಕು. ಸುಮ್ನೆ ಕೂತಿದ್ರೆ ಸಾಕು."

ಈ ಮಾತು ಆದಿನಾರಾಯಣಪ್ಪನಿಗೆ ಅದುವರೆಗೆ ಹೊಳೆದೇ ಇರಲಿಲ್ಲ. ಕೈದಿಗೆ ಜನ ಬೇಕೆಂದು ಊರೂರು ತಿರುಗಿದ್ದ. ಆ ಜನಕ್ಕೂ ಜನ ಬೇಕೆಂದು ಯೋಚಿಸಿರಲಿಲ್ಲ. ಅಂದಿನಿಂದ ಅವನು ಒಂದು ಮನೆಗೆ ಬದಲು ಎರಡೆರಡು ಮನೆಗಳನ್ನು ಸೇರಿಸಿ ದಿನ ಹಂಚಿದ. ಹಿಂದೆ ಸರಿದಿದ್ದವರಲ್ಲಿ ಒಬ್ಬಳು, ಅಮ್ಮಯಮ್ಮ ಎಂಬುವಳು, ಜೊತೆಗೆ ಇನ್ನೊಬ್ಬರಿರುವುದಾದರೆ ಸರಿ ಎಂದು ತಿರುಗಿ ಬಂದಳು.

ಮುಂದಿನ ಗುರುವಾರ ರಜಾಕನ ಹೆಂಡತಿ ಅನ್ವರ್ ಬೇಗಂ ನಂದಗುಡಿಯಿಂದ ಗಾಡಿಯಲ್ಲಿ ಬಂದು ಇಳಿದಳು. ಎಲೆ ಅಡಿಕೆ ಚೀಲ ಬಿಚ್ಚಿಕೊಂಡು ನಡುಮನೆಯಲ್ಲಿ ಕೂತು, "ನಂಗೂ ಮೊದ್ಲು ದಿನ ಹಿಂಗೇ ಆಗಿತ್ತು ಸಪ್ಪಲಕ್ಕ. ಮೇಕೆ ಕೆಮ್ಮಿದ್ರೂ ಎದ್ದು ಕೂತ್ಕೊಂತಿದ್ದೆ," ಎಂದಳು. ಮುನಿಲಕ್ಷ್ಮಿಗೆ ಹಲವು ದಿನಗಳ ಮೇಲೆ ನಗು ಬಂತು.

ಸಪ್ಪಲಮ್ಮ ಎಲೆಗೆ ಸಾರು ಬಡಿಸುವಾಗ ಅರ್ಧ ಜಗಲಿಗೆ ಚೆಲ್ಲಿತು. ಒಡೆದ ತುಟಿಯ ದೊಡ್ಡಬೀರಪ್ಪ ತಲೆ ಬಗ್ಗಿಸಿಕೊಂಡೇ ಹೇಳಿದ.

"ಅಕ್ಕ, ಮುನಿವೆಂಕಟಪ್ಪಣ್ಣ ಒಳಗಿದ್ದಿದ್ದು ನಂಗೆ ಗೊತ್ತಿರ್ಲಿಲ್ಲ. ಕೂಗ್ದಾಗ ಕೇಳಿಸ್ತು. ಅಷ್ಟರಾಗೆ ಉರಿ ಎದ್ದಿತ್ತು, ಒಳಗೆ ಹೋಗಕ್ಕಾಗ್ಲಿಲ್ಲ. ನಾನು ಓಡೋದೆ."

ಮಾವ ಕೂಗಿದ್ದ ಎಂಬುದು ಅವಳಿಗೆ ಈಗಷ್ಟೇ ತಿಳಿದದ್ದು. ಒಳಗೆ ಹೋಗಿ ಅನ್ವರ್ ಬೇಗಂ ಪಕ್ಕ ಕೂತು, ಬಾಯಿಗೆ ಸೆರಗು ಒತ್ತಿಕೊಂಡು ತುಂಬಾ ಹೊತ್ತು ಅತ್ತಳು. ಆಮೇಲೆ ಮುಖ ತೊಳೆದುಕೊಂಡು, ಸಾರಿನ ಪಾತ್ರೆ ತೆಗೆದುಕೊಂಡು ಹೊರಗೆ ಬಂದು, ಚೆಲ್ಲಿದಷ್ಟನ್ನು ಮತ್ತೆ ಬಡಿಸಿದಳು.

ಯುಗಾದಿ ಕಳೆದ ಮೇಲೆ ಮುನಿಲಕ್ಷ್ಮಿಗೆ ಹೆಣ್ಣು ಮಗು ಹುಟ್ಟಿತು. ಮರುವರ್ಷ ಯುದ್ಧ ಮುಗಿದು ಮಗ ಮನೆಗೆ ಬಂದ. ದೊಡ್ಡಬೀರಪ್ಪನ ಅವಧಿ ನಲವತ್ತೆಂಟರಲ್ಲಿ ತೀರಿತು. ಅವನು ರಜಾಕನ ಮೇಕೆಗಳನ್ನು ಕಾಯುತ್ತಾ ನಂದಗುಡಿಯಲ್ಲೇ ಉಳಿದ. ಅವನ ಮೇಲೆ ಕೋಪ ಹೋಯಿತೇ ಎಂದು ಯಾರಾದರೂ ಕೇಳಿದರೆ ಸಪ್ಪಲಮ್ಮ ಸುಮ್ಮನಾಗುತ್ತಿದ್ದಳು. ಹೆದರಿಕೆಯ ಮಾತನ್ನು ಮಾತ್ರ ಮುಚ್ಚಿಡದೆ ಹೇಳುತ್ತಿದ್ದಳು: ಹೋಗಲು ಮೂರು ವರ್ಷ ಹಿಡಿಯಿತು, ಮಳೆಗಾಲದ ಒಂದು ಬುಧವಾರ ರಾತ್ರಿ ಮಲಗಿದವಳಿಗೆ ಬೆಳಕು ಹರಿದ ಮೇಲೇ ಎಚ್ಚರವಾಯಿತು, ಅಷ್ಟೇ.